ಇಂಜಿನ್ ಒಳಗೆ ತೋರಿಸಿದ ಮೆಕ್ಯಾನಿಕ್ ಅಣ್ಣನಿಗೆ

ಅಣ್ಣಾ, ನಿಮ್ಮ ಹೆಸರು ಗೊತ್ತಿಲ್ಲ. ಅದಕ್ಕೇ ಎಲ್ಲರೆದುರೇ ಥ್ಯಾಂಕ್ಸ್ ಹೇಳುತ್ತಿದ್ದೇನೆ.

ಇಂಜಿನ್ನಿನ ವಾಲ್ವ್ (ಒಳಗೆ ಗಾಳಿ, ಹೊರಗೆ ಹೊಗೆ ಬಿಡೋ ಬಾಗಿಲು) ಸದ್ದು ಸರಿಮಾಡಿದ ಮೇಲೆ ಸುಮ್ನೆ ಕವರ್ ಮುಚ್ಚಿ ಕಳಿಸಬಹುದಿತ್ತು. ನೀವು ಕವರ್ ಹಾಕದೆಯೇ ಹಳೇ ಇಂಜಿನ್ ಸ್ಟಾರ್ಟ್ ಮಾಡಿ, "ಕೈ ದೂರ ಇಡಿ, ಈಗ ನೋಡಿ" ಅಂದಿರಿ. ವಾಲ್ವ್ ತೆರೆಯೋ ಉಬ್ಬುಗಳಿರುವ ದಂಡ, ಅಂದರೆ ಕ್ಯಾಮ್‌ಶಾಫ್ಟ್, ತಿರುಗುತ್ತಿತ್ತು. ಅದರ ಉಬ್ಬು ಬಂದು ಒತ್ತಿದರೆ ವಾಲ್ವ್ ಕೆಳಗೆ. ಉಬ್ಬು ಸರಿದರೆ ಸ್ಪ್ರಿಂಗ್ ಅದನ್ನು ಮೇಲಕ್ಕೆಳೆಯುತ್ತಿತ್ತು. ಆಯಿಲ್ ಬೇರೆ ಸಣ್ಣಗೆ ಸಿಡಿಯುತ್ತಿತ್ತು. ಅಂಗಿಗೂ ಬಿತ್ತು, ಇರಲಿ ಬಿಡಿ.

ಆಮೇಲೆ ಒಂದನೇ ಸ್ಪಾರ್ಕ್ ಪ್ಲಗ್ಗಿನ ವೈರಿಗೆ ಟೈಮಿಂಗ್ ಲೈಟಿನ (ಆ ಪ್ಲಗ್ ಕಿಡಿ ಹಾರಿಸಿದಾಗಲೆಲ್ಲ ಮಿಂಚೋ ದೀಪದ) ಕ್ಲಿಪ್ ಸಿಕ್ಕಿಸಿ ಕ್ಯಾಮ್ ಮೇಲೆ ಬೆಳಕು ಬಿಟ್ಟಿರಲ್ಲ, ಮಜಾ ಇದ್ದಿದ್ದೇ ಅಲ್ಲಿ! ಗಿರಗಿರ ತಿರುಗುತ್ತಿದ್ದ ಕ್ಯಾಮ್ ಗಪ್ಪಂತ ನಿಂತೇಬಿಟ್ಟ ಹಾಗೆ ಕಂಡಿತು. ಪಿಸ್ಟನ್‌ಗಳು ತಿರುಗಿಸೋ ಮುಖ್ಯ ದಂಡ, ಅಂದರೆ ಕ್ರ್ಯಾಂಕ್, 2 ಸುತ್ತು ಹೊಡೆದರೆ ಕ್ಯಾಮ್ ಹೊಡೆಯೋದು 1 ಸುತ್ತು. ಅಷ್ಟರಲ್ಲಿ ಆ ಪ್ಲಗ್ ಕಿಡಿ ಹಾರಿಸೋದೂ ಒಂದೇ ಸಲ. ಹಾಗಾಗಿ ಲೈಟ್ ಮಿಂಚಿದಾಗಲೆಲ್ಲ ಉಬ್ಬು ಅದೇ ಜಾಗದಲ್ಲಿ ಸಿಗುತ್ತದೆ. 3000 ಆರ್‌ಪಿಎಂ ಇದ್ದರೆ, ಅಂದರೆ ಕ್ರ್ಯಾಂಕ್ ನಿಮಿಷಕ್ಕೆ 3000 ಸುತ್ತು ಹೊಡೆದರೆ, ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ ಅಂತ ನೀವು ಹೇಳಿದಾಗ ನಂಬೋದೇ ಕಷ್ಟವಾಯಿತು.

ಪಿಸ್ಟನ್ ಮಾತ್ರ ಕಾಣಲಿಲ್ಲ, ಅದು ವಾಲ್ವ್‌ಗಳಿರುವ ಮೇಲಿನ ಭಾಗದ, ಅಂದರೆ ಹೆಡ್ಡಿನ, ಕೆಳಗೆ ಅಲ್ವಾ. ಅದರ ಓಡಾಟವನ್ನೂ ಕೈಯಲ್ಲೇ ಮಾಡಿ ತೋರಿಸಿದಿರಿ. ಅಷ್ಟು ಕೆಲಸ ಬಾಕಿ ಇಟ್ಟುಕೊಂಡು, ನನ್ನ ಪ್ರಶ್ನೆಗಳಿಗೆ ಒಮ್ಮೆಯೂ ಸಿಡುಕದೆ ಉತ್ತರ ಕೊಟ್ಟಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಣ್ಣಾ.