ಒಡೆದ ಗಾಜಿನ ಲೆಕ್ಕ ನಮಗಿರಲಿ: ಕೆಮಿಸ್ಟ್ರಿ ವಿದ್ಯಾರ್ಥಿಗಳ ಪರವಾಗಿ ಒಂದು ಮನವಿ

ಆತ್ಮೀಯರೇ, ನಮಸ್ಕಾರ.

ಸುತ್ತಿ ಬಳಸಿ ಹೇಳುವುದು ಬೇಡ. ಯೂನಿವರ್ಸಿಟಿಯಲ್ಲಿ ಕೆಮಿಸ್ಟ್ರಿ ಓದುತ್ತಿರುವ ಮಕ್ಕಳಿಗೆ ಸ್ಕಾಲರ್‌ಶಿಪ್ ಮತ್ತು ಬಹುಮಾನ ಕೊಡಲು ನಮ್ಮ ಟ್ರಸ್ಟ್ ಒಂದು ದತ್ತಿ ನಿಧಿ ಕಟ್ಟುತ್ತಿದೆ. ಅದಕ್ಕೆ ನಿಮ್ಮ ದೇಣಿಗೆ ಬೇಕು. ಕೆಮಿಸ್ಟ್ರಿಗೇ ಯಾಕೆ, ಬೇರೆ ವಿಷಯ ಓದುವವರಿಗೆ ಕಷ್ಟ ಇಲ್ವಾ ಅಂತ ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಉತ್ತರ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಬಹಳ ವರ್ಷ ಕೆಮಿಸ್ಟ್ರಿ ಪಾಠ ಮಾಡಿದವನು. ಒಂದು ಮಧ್ಯಾಹ್ನದ ಪ್ರಾಕ್ಟಿಕಲ್ ಇನ್ನೂ ಕಣ್ಣ ಮುಂದಿದೆ. ಆರ್ಗ್ಯಾನಿಕ್ ಲ್ಯಾಬ್. ಒಬ್ಬ ಹುಡುಗಿ ಸೆಪರೇಟಿಂಗ್ ಫನಲ್, ಅಂದರೆ ಬೆರೆಯದ ಎರಡು ದ್ರವಗಳನ್ನು ಬೇರೆ ಮಾಡುವ ಗಾಜಿನ ಪಾತ್ರೆ, ಹಿಡಿದು ಅಲುಗಾಡಿಸುತ್ತಿದ್ದಳು. ಬೆರಳು ಜಾರಿತು. ಫನಲ್ ಸಿಂಕಿನ ಅಂಚಿಗೆ ಬಡಿದು ಚೂರಾಯಿತು. ನಾನು ಓಡಿ ಹೋಗಿ ಕೈಗೆ ಏನಾದರೂ ಆಯಿತಾ ಅಂತ ನೋಡಿದೆ. ಹೆಬ್ಬೆರಳಲ್ಲಿ ರಕ್ತ ಬರುತ್ತಿತ್ತು. ಅವಳು ಅದನ್ನು ನೋಡಲೇ ಇಲ್ಲ. "ಸರ್, ಇದಕ್ಕೆ ಎಷ್ಟು ಕಟ್ಟಬೇಕು?" ಅಂತ ಕೇಳಿದಳು.

ಒಡೆದ ಸಾಮಾನಿಗೆ ವಿದ್ಯಾರ್ಥಿಯೇ ದುಡ್ಡು ಕಟ್ಟುವ ನಿಯಮ ಎಷ್ಟೋ ಲ್ಯಾಬುಗಳಲ್ಲಿದೆ. ಬ್ರೇಕೇಜ್ ಅಂತ ಕರೆಯುತ್ತಾರೆ. ನಿಯಮ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಗಾಜಿನ ಸಾಮಾನು ಅಗ್ಗವಲ್ಲ, ಜೋಪಾನ ಕಲಿಯಬೇಕು ನಿಜ. ಆದರೆ ಆಮೇಲೆ ನಡೆದದ್ದು ಕೇಳಿ. ಆ ಸೆಮಿಸ್ಟರ್ ಮುಗಿಯುವವರೆಗೆ ಅವಳು ಗಾಜು ಮುಟ್ಟಲಿಲ್ಲ. ಜೊತೆಗಿದ್ದ ಹುಡುಗ ಸುರಿಯುತ್ತಿದ್ದ, ಕುದಿಸುತ್ತಿದ್ದ, ಸೋಸುತ್ತಿದ್ದ. ಇವಳು ಪಕ್ಕದಲ್ಲಿ ನಿಂತು ರೀಡಿಂಗ್ ಬರೆದುಕೊಳ್ಳುತ್ತಿದ್ದಳು. ರೆಕಾರ್ಡ್ ಬುಕ್ ಚೆನ್ನಾಗಿತ್ತು, ಮಾರ್ಕ್ಸ್ ಕೂಡ ಬಂತು. ಕೈ ಮಾತ್ರ ಕಲಿಯಲಿಲ್ಲ. ನನಗೆ ಇದು ಗೊತ್ತಾಗುವಷ್ಟರಲ್ಲಿ ವರ್ಷ ಮುಗಿಯುತ್ತಾ ಬಂದಿತ್ತು, ಆ ಬೇಸರ ಇವತ್ತಿಗೂ ಹೋಗಿಲ್ಲ.

ಕೆಮಿಸ್ಟ್ರಿ ಕೈಯಿಂದ ಕಲಿಯುವ ವಿದ್ಯೆ. ಟೈಟ್ರೇಷನ್ನನ್ನೇ ತಗೊಳ್ಳಿ, ಅಂದರೆ ಒಂದು ದ್ರವವನ್ನು ಹನಿಹನಿಯಾಗಿ ಇನ್ನೊಂದಕ್ಕೆ ಬಿಟ್ಟು ಅದರಲ್ಲಿ ಏನು ಎಷ್ಟಿದೆ ಅಂತ ಅಳೆಯುವುದು. ಬ್ಯೂರೆಟ್ಟಿನಿಂದ (ತುದಿಯಲ್ಲಿ ನಲ್ಲಿ ಇರುವ ಅಳತೆಯ ಗಾಜಿನ ಕೊಳವೆ) ಬೀಳುವ ಒಂದು ಹನಿ ಅಂದರೆ ಸುಮಾರು 0.05 ಮಿಲಿಲೀಟರ್. ಫ್ಲಾಸ್ಕಿನಲ್ಲಿ ತಿಳಿ ಗುಲಾಬಿ ಬಣ್ಣ ಬಂದು ಹಾಗೇ ನಿಲ್ಲಬೇಕು. ಒಂದು ಹನಿ ಜಾಸ್ತಿಯಾದರೆ ರೀಡಿಂಗ್ ಹೋಯಿತು, ಮತ್ತೆ ಮೊದಲಿಂದ ಶುರು. ಎಡಗೈಯಲ್ಲಿ ನಲ್ಲಿ ತಿರುಗಿಸುತ್ತಾ ಬಲಗೈಯಲ್ಲಿ ಫ್ಲಾಸ್ಕ್ ಆಡಿಸುತ್ತಾ ಆ ಅರ್ಧ ಹನಿಯನ್ನು ತಡೆದು ನಿಲ್ಲಿಸುವುದು ಯಾವ ಪುಸ್ತಕ ಓದಿದರೂ ಬರುವುದಿಲ್ಲ, ಹತ್ತಾರು ಸಲ ತಪ್ಪಬೇಕು, ಆಗಲೇ ಬರುವುದು. ಒಡೆದೀತು ಅನ್ನುವ ಭಯದಲ್ಲಿ ನಡುಗುವ ಕೈಗೆ ಬರುವುದಿಲ್ಲ.

ಎರಡನೆಯ ಮಾತು ಸಮಯದ್ದು. ದುಡ್ಡಿಲ್ಲದ ಮನೆಯ ಮಕ್ಕಳು ಸಂಜೆ ಕೆಲಸ ಮಾಡಿ ಓದುತ್ತಾರೆ, ಇದು ಎಲ್ಲ ಕಡೆ ಇದ್ದದ್ದೇ. ಪುಸ್ತಕ ಮನೆಗೆ ತಗೊಂಡು ಹೋಗಿ ರಾತ್ರಿ ಓದಬಹುದು. ಲ್ಯಾಬನ್ನು ಮನೆಗೆ ತಗೊಂಡು ಹೋಗಲಾಗುವುದಿಲ್ಲ. ನಾಲ್ಕು ಗಂಟೆ ರಿಫ್ಲಕ್ಸ್ ಆಗಬೇಕಾದದ್ದಕ್ಕೆ, ಅಂದರೆ ಆವಿ ತಣಿದು ವಾಪಸ್ ಬೀಳುವ ಹಾಗೆ ಕುದಿಯುತ್ತಲೇ ಇರಬೇಕಾದದ್ದಕ್ಕೆ, ನಾಲ್ಕು ಗಂಟೆ ಬೇಕೇ ಬೇಕು. ಕೆಲಸಕ್ಕೆ ಹೊತ್ತಾಯಿತು ಅಂತ ಉರಿಯುತ್ತಿರುವ ಹೀಟರ್ ಬಿಟ್ಟು ಹೋಗುವ ಹಾಗಿಲ್ಲ, ಅದು ಅಪಾಯ. ಹಾಗಾಗಿ ಏನಾಗುತ್ತದೆ? ಫೈನಲ್ ಇಯರಿನಲ್ಲಿ ಒಳ್ಳೆಯ ಪ್ರಾಜೆಕ್ಟ್ ಸಿಕ್ಕರೂ ಆ ಹುಡುಗ ಬೇಡ ಅನ್ನುತ್ತಾನೆ. ಬೇಗ ಮುಗಿಯುವ, ಲ್ಯಾಬ್ ಕೆಲಸ ಕಡಿಮೆ ಇರುವ ವಿಷಯ ಆರಿಸಿಕೊಳ್ಳುತ್ತಾನೆ. ಆಸಕ್ತಿ ಇಲ್ಲ ಅಂತ ನಾವು ಮೇಷ್ಟ್ರುಗಳು ತಪ್ಪು ತಿಳಿಯುತ್ತೇವೆ. ಅವನಿಗೆ ಇಲ್ಲದಿರುವುದು ಸಾಯಂಕಾಲ.

ಇಂಥ ಮಕ್ಕಳಿಗೆ ಸರಿಯಾದ ಹೊತ್ತಿಗೆ ಸಿಕ್ಕ ಸಣ್ಣ ಹಣ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಕೆಮಿಸ್ಟ್ರಿಯ ಚರಿತ್ರೆಯೇ ಸಾಕ್ಷಿ. ಮೇರಿ ಕ್ಯೂರಿ 1891ರಲ್ಲಿ ಪೋಲೆಂಡಿನಿಂದ ಪ್ಯಾರಿಸ್ಸಿಗೆ ಬಂದಾಗ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. 1893ರಲ್ಲಿ ಫಿಸಿಕ್ಸ್ ಪದವಿ ಮೊದಲ ಸ್ಥಾನದಲ್ಲಿ ಮುಗಿಸಿದರು. ಮುಂದೆ ಓದಲು ದುಡ್ಡಿರಲಿಲ್ಲ. ಆಗ ಸಿಕ್ಕಿದ್ದು 600 ರೂಬಲ್‌ಗಳ ಅಲೆಕ್ಸಾಂಡ್ರೊವಿಚ್ ಸ್ಕಾಲರ್‌ಶಿಪ್. ಅದರಿಂದ ಇನ್ನೊಂದು ವರ್ಷ ಪ್ಯಾರಿಸ್ಸಿನಲ್ಲಿ ಉಳಿದರು, ಗಣಿತದ ಪದವಿಯನ್ನೂ ಪಡೆದರು. ಪಿಯರ್ ಕ್ಯೂರಿಯ ಪರಿಚಯವಾದದ್ದೂ ಆ ದಿನಗಳಲ್ಲೇ. ಆಮೇಲೆ 1903ರಲ್ಲಿ ಫಿಸಿಕ್ಸ್ ನೊಬೆಲ್, 1911ರಲ್ಲಿ ಕೆಮಿಸ್ಟ್ರಿ ನೊಬೆಲ್. ಅದು ಎಲ್ಲರಿಗೂ ಗೊತ್ತಿರುವ ಕಥೆ. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ. ಉಕ್ಕಿನ ಕಾಂತಗುಣದ ಬಗ್ಗೆ ಅಧ್ಯಯನ ಮಾಡಿಕೊಟ್ಟದ್ದಕ್ಕೆ ಅವರಿಗೆ ಮೊದಲ ಸಂಪಾದನೆ ಬಂದಾಗ, ಆ 600 ರೂಬಲ್ ತೆಗೆದಿಟ್ಟು ವಾಪಸ್ ಕೊಟ್ಟರು. ಯಾರೂ ಕೇಳಿರಲಿಲ್ಲ. ತನ್ನಂಥ ಇನ್ನೊಬ್ಬರಿಗೆ ಅದು ಸಿಗಲಿ ಅಂತ ಕೊಟ್ಟರು.

ನಮ್ಮವರೇ ಆದ ಕೆಮಿಸ್ಟ್ ಪ್ರಫುಲ್ಲಚಂದ್ರ ರಾಯ್ ಅವರದ್ದೂ ಹೀಗೆಯೇ. ಗಿಲ್‌ಕ್ರಿಸ್ಟ್ ಸ್ಕಾಲರ್‌ಶಿಪ್ ಗೆದ್ದು 1882ರಲ್ಲಿ ಎಡಿನ್‌ಬರೋಗೆ ಹೋದರು, 1887ರಲ್ಲಿ ಅಲ್ಲೇ ಡಿಎಸ್‌ಸಿ (ಡಾಕ್ಟರ್ ಆಫ್ ಸೈನ್ಸ್) ಪಡೆದರು. ವಾಪಸ್ ಬಂದು ಕಲ್ಕತ್ತೆಯಲ್ಲಿ ಒಂದು ಪೀಳಿಗೆಯ ಕೆಮಿಸ್ಟರನ್ನೇ ಬೆಳೆಸಿದರು. 1921ರಲ್ಲಿ ಅರುವತ್ತು ವರ್ಷ ತುಂಬಿದಾಗ ತಮ್ಮ ಮುಂದಿನ ಸಂಬಳವನ್ನು ಯೂನಿವರ್ಸಿಟಿಯ ಕೆಮಿಸ್ಟ್ರಿ ವಿಭಾಗಕ್ಕೇ ಬಿಟ್ಟುಕೊಟ್ಟರು. 1922ರಲ್ಲಿ ಕೆಮಿಸ್ಟ್ರಿಯ ಒಳ್ಳೆಯ ಸಂಶೋಧನೆಗೆ ನಮ್ಮ ಹಳೆಯ ಕಾಲದ ರಸವಿದ್ಯೆಯ ಪಂಡಿತ ನಾಗಾರ್ಜುನನ ಹೆಸರಿನ ಬಹುಮಾನ ಇಟ್ಟರು. ಪಡೆದುಕೊಂಡ ಕೈಯೇ ಮುಂದೆ ಕೊಡುವ ಕೈ ಆಯಿತು. ನಮ್ಮ ಟ್ರಸ್ಟಿನಲ್ಲಿ ಇರುವ ಬಹಳ ಜನ ಕೂಡ ಒಂದಲ್ಲ ಒಂದು ಕಾಲದಲ್ಲಿ ಯಾರದೋ ದತ್ತಿ ಹಣದಲ್ಲಿ ಓದಿದವರೇ. ನನ್ನ ಪರೀಕ್ಷಾ ಶುಲ್ಕವನ್ನು ಒಂದು ಸಲ ನನ್ನ ಮೇಷ್ಟ್ರು ಸುಮ್ನೆ ಕಟ್ಟಿಬಿಟ್ಟಿದ್ದರು. ನನಗೆ ಗೊತ್ತಾದದ್ದು ರಸೀದಿ ಕೈಗೆ ಬಂದ ಮೇಲೆ. ಅವರು ಅದರ ಬಗ್ಗೆ ಮತ್ತೆ ಒಂದು ಮಾತೂ ಆಡಲಿಲ್ಲ.

ಈಗ ನಿಮ್ಮ ಹಣ ಎಲ್ಲಿಗೆ ಹೋಗುತ್ತದೆ ಅಂತ ಹೇಳುತ್ತೇನೆ.

ದೊಡ್ಡ ಪಾಲು ಹೋಗುವುದು ಸ್ಕಾಲರ್‌ಶಿಪ್ಪಿಗೆ. ಮನೆಯ ಪರಿಸ್ಥಿತಿ ನೋಡಿ ಕೊಡುವಂಥದ್ದು. ಕಾಲೇಜಿನ ಶುಲ್ಕ ಮಾತ್ರ ಅಲ್ಲ, ಸಂಜೆ ಕೆಲಸಕ್ಕೆ ಹೋಗದೆ ಲ್ಯಾಬಿನಲ್ಲಿ ಉಳಿಯಲು ಆಗುವಷ್ಟು ತಿಂಗಳ ಖರ್ಚು ಕೂಡ. ಮಾರ್ಕ್ಸಿನ ಗೆರೆ ಇದೆ, ಆದರೆ ಮೇಲಿಟ್ಟಿಲ್ಲ. ಕೆಲಸ ಮಾಡುತ್ತಾ ಓದಿದವರ ಮಾರ್ಕ್ಸ್ ಕಡಿಮೆಯೇ ಇರುತ್ತದೆ, ಅಲ್ವಾ? ಗೆರೆ ಮೇಲಿಟ್ಟರೆ ಯಾರಿಗಾಗಿ ಈ ನಿಧಿಯೋ ಅವರೇ ಹೊರಗೆ ಉಳಿಯುತ್ತಾರೆ.

ಇನ್ನೊಂದು ಪಾಲಿಗೆ ನಾವು ಇಟ್ಟಿರುವ ಹೆಸರು ಒಡೆದ ಗಾಜಿನ ನಿಧಿ. ಬ್ರೇಕೇಜ್ ಕಟ್ಟಲಾಗದವರ ಪರವಾಗಿ ಟ್ರಸ್ಟ್ ನೇರವಾಗಿ ವಿಭಾಗಕ್ಕೆ ಕಟ್ಟುತ್ತದೆ. ಹುಡುಗನೋ ಹುಡುಗಿಯೋ ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ, ಲ್ಯಾಬ್ ಅಸಿಸ್ಟೆಂಟ್ ಒಂದು ಚೀಟಿ ಬರೆದರೆ ಸಾಕು. ಇದೇ ನಿಧಿಯಿಂದ ಲ್ಯಾಬ್ ಕೋಟು, ಕಣ್ಣಿನ ರಕ್ಷಣೆಗೆ ಹಾಕುವ ಕನ್ನಡಕ. ಕೋಟು ಹತ್ತಿಯದ್ದೇ ಆಗಬೇಕು. ಅಗ್ಗಕ್ಕೆ ಸಿಗುವ ನೈಲಾನಿನ ಬಟ್ಟೆ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಅಣ್ಣನ ಹಳೇ ಶರ್ಟನ್ನೇ ಕೋಟಿನ ಹಾಗೆ ಹಾಕಿಕೊಂಡು ಬಂದ ಮಕ್ಕಳನ್ನು ನಾನು ನೋಡಿದ್ದೇನೆ, ತೋಳಿನ ಮೇಲೆ ಆ್ಯಸಿಡ್ ಬಿದ್ದ ತೂತುಗಳಿಗೆ ತೇಪೆ ಹಾಕಿರುತ್ತಿದ್ದರು.

ಪ್ರಾಜೆಕ್ಟ್ ಮಾಡುವವರಿಗೆ ಬೇರೆ ಥರದ ಖರ್ಚು. ತಿಂಗಳುಗಟ್ಟಲೆ ಕೂತು ಒಂದು ವಸ್ತು ತಯಾರಿಸಿರುತ್ತಾರೆ. ಅದು ಅಂದುಕೊಂಡ ವಸ್ತುವೇ ಹೌದೋ ಅಲ್ಲವೋ ಅಂತ ತಿಳಿಯಲು ಎನ್‌ಎಂಆರ್ ಬೇಕು, ಅಂದರೆ ದೊಡ್ಡ ಅಯಸ್ಕಾಂತದಲ್ಲಿಟ್ಟು ಅಣುವಿನ ರಚನೆ ಪತ್ತೆ ಮಾಡುವ ಪರೀಕ್ಷೆ. ಆ ಮೆಷಿನ್ ಎಲ್ಲ ವಿಭಾಗದಲ್ಲೂ ಇರುವುದಿಲ್ಲ, ಹೊರಗೆ ಕಳಿಸಿದರೆ ಒಂದೊಂದು ಸ್ಯಾಂಪಲ್ಲಿಗೂ ದುಡ್ಡು. ಅದನ್ನು ಕರಗಿಸಲು ಮಾಮೂಲಿ ಕ್ಲೋರೋಫಾರ್ಮ್ ಆಗುವುದಿಲ್ಲ, ಹೈಡ್ರೋಜನ್ ಬದಲು ಡ್ಯೂಟೀರಿಯಂ (ಹೈಡ್ರೋಜನ್ನಿನದೇ ಭಾರವಾದ ರೂಪ) ಇರುವಂಥದ್ದು ಬೇಕು, ಇಲ್ಲದಿದ್ದರೆ ಸಾಲ್ವೆಂಟಿನ ಹೈಡ್ರೋಜನ್ನೇ ದೊಡ್ಡದಾಗಿ ಕಂಡು ನಮ್ಮ ವಸ್ತುವಿನದ್ದು ಮುಚ್ಚಿಹೋಗುತ್ತದೆ. ಐದು ಸ್ಯಾಂಪಲ್ ಕಳಿಸಬೇಕಾದ ಕಡೆ ಒಂದನ್ನೇ ಕಳಿಸಿ, ಉಳಿದ ನಾಲ್ಕು ಹೀಗೇ ಇರಬಹುದು ಅಂತ ಊಹೆಯ ಮೇಲೆ ಥೀಸಿಸ್ ಬರೆದವರಿದ್ದಾರೆ. ಹಾಗೆ ಆಗಬಾರದು, ಅದಕ್ಕೇ ಒಂದು ಪಾಲು ಪ್ರಾಜೆಕ್ಟಿಗೆ.

ಬಹುಮಾನದ ವಿಷಯದಲ್ಲಿ ನಮಗೆ ಸ್ವಲ್ಪ ಹಟ ಇದೆ. ಮೊದಲ ರ‍್ಯಾಂಕಿಗೆ ಚಿನ್ನದ ಪದಕ ಕೊಡುವ ದತ್ತಿಗಳು ಈಗಾಗಲೇ ಬೇಕಾದಷ್ಟಿವೆ. ನಾವು ಬಹುಮಾನ ಇಟ್ಟಿರುವುದು ಲ್ಯಾಬ್ ನೋಟ್‌ಬುಕ್ಕಿಗೆ. ನೀಟಾಗಿ ಕಾಪಿ ಮಾಡಿದ ರೆಕಾರ್ಡಿಗಲ್ಲ, ಬೆಂಚಿನ ಮೇಲೆ ಆಗಲೇ ಬರೆದ, ಕಲೆ ಬಿದ್ದ ನೋಟ್‌ಬುಕ್ಕಿಗೆ. ಪುಸ್ತಕದಲ್ಲಿ 80 ಪರ್ಸೆಂಟ್ ಈಲ್ಡ್ (ಲೆಕ್ಕದ ಪ್ರಕಾರ ಸಿಗಬೇಕಾದ ವಸ್ತುವಿನಲ್ಲಿ ಕೈಗೆ ಸಿಕ್ಕ ಪಾಲು) ಅಂತ ಇದ್ದು ತನಗೆ 34 ಬಂದರೆ, 34 ಅಂತಲೇ ಬರೆದು, ಎಲ್ಲಿ ತಪ್ಪಿರಬಹುದು ಅಂತ ಯೋಚಿಸಿದವರಿಗೆ. ರೀಡಿಂಗ್ ತಿದ್ದುವ ಚಟ ಮೊದಲ ವರ್ಷದಲ್ಲೇ ಅಂಟುತ್ತದೆ, ಯಾಕೆಂದರೆ ಸರಿಯಾದ ಉತ್ತರಕ್ಕೆ ಮಾತ್ರ ಮಾರ್ಕ್ಸ್ ಕೊಡುತ್ತೇವೆ. ನಿಜ ಬರೆದದ್ದಕ್ಕೂ ಒಂದು ಬಹುಮಾನ ಇರಲಿ ಅನ್ನುವುದು ನನ್ನ ಬಹಳ ದಿನದ ಆಸೆ.

ದತ್ತಿ ನಿಧಿ ಹೇಗೆ ನಡೆಯುತ್ತದೆ ಅಂತ ಕೆಲವರು ಫೋನ್ ಮಾಡಿ ಕೇಳಿದ್ದರು. ಮೂಲ ಹಣವನ್ನು ಮುಟ್ಟುವುದಿಲ್ಲ, ಬಡ್ಡಿಯಲ್ಲಿ ಮಾತ್ರ ಕೊಡುತ್ತೇವೆ. ಆಲ್ಫ್ರೆಡ್ ನೊಬೆಲ್ 1895ರ ಉಯಿಲಿನಲ್ಲಿ ಬರೆದಿಟ್ಟದ್ದೂ ಇದನ್ನೇ: ಆಸ್ತಿಯನ್ನು ಭದ್ರವಾದ ಕಡೆ ಹೂಡಿ, ಬರುವ ಬಡ್ಡಿಯನ್ನು ವರ್ಷವರ್ಷ ಬಹುಮಾನವಾಗಿ ಕೊಡಿ ಅಂತ. 1901ರಲ್ಲಿ ಕೆಮಿಸ್ಟ್ರಿಯ ಮೊದಲ ನೊಬೆಲ್ ವಾಂಟ್ ಹಾಫ್ ಅವರಿಗೆ ಹೋಯಿತು, ಇವತ್ತಿಗೂ ಆ ಬಹುಮಾನ ನಡೆದುಕೊಂಡು ಬಂದಿದೆ. ಆದರೆ ಇದರಲ್ಲಿ ಒಂದು ತೊಂದರೆಯೂ ಇದೆ. ಬಡ್ಡಿ ಪೂರ್ತಿ ಹಂಚಿಬಿಟ್ಟರೆ ಮೂಲ ಹಣ ಹಾಗೇ ನಿಂತಿರುತ್ತದೆ, ಬೆಲೆಗಳು ನಿಲ್ಲುವುದಿಲ್ಲ. ಒಂದು ಕಾಲದಲ್ಲಿ ವರ್ಷದ ಶುಲ್ಕ ತುಂಬುತ್ತಿದ್ದ ಹಳೆಯ ದತ್ತಿಗಳು ಈಗ ಒಂದು ಪುಸ್ತಕಕ್ಕೂ ಸಾಲದ ಸ್ಥಿತಿಗೆ ಬಂದದ್ದು ಹೀಗೆಯೇ. ಅದಕ್ಕೇ ಪ್ರತಿ ವರ್ಷ ಬಡ್ಡಿಯ ಒಂದು ಭಾಗವನ್ನು ಮೂಲಕ್ಕೇ ಸೇರಿಸುತ್ತೇವೆ. ಮೊದಲ ಕೆಲವು ವರ್ಷ ಕಡಿಮೆ ಮಕ್ಕಳಿಗೆ ಸಿಗುತ್ತದೆ. ಅದು ನಮಗೂ ಕಷ್ಟದ ನಿರ್ಧಾರವೇ ಆಗಿತ್ತು.

ಒಡೆದ ಗಾಜಿನ ನಿಧಿ ಮಾತ್ರ ಇದಕ್ಕೆ ಹೊರತು. ಅದಕ್ಕೆ ಬಂದದ್ದು ಅದೇ ವರ್ಷ ಖರ್ಚಾಗುತ್ತದೆ. ಹಾಗಾಗಿ ಸಣ್ಣ ಮೊತ್ತ ಕೊಡುವವರು ದಯವಿಟ್ಟು ಸಂಕೋಚ ಪಡಬೇಡಿ. ನೀವು ಕೊಟ್ಟದ್ದು ಒಂದು ಬ್ಯೂರೆಟ್ಟಿಗೆ ಸಾಕಾದರೆ ಒಬ್ಬರು ಧೈರ್ಯವಾಗಿ ಬ್ಯೂರೆಟ್ ಹಿಡಿಯುತ್ತಾರೆ.

ಆಯ್ಕೆ ಸಮಿತಿಯಲ್ಲಿ ಟ್ರಸ್ಟಿನವರು ಇಬ್ಬರು, ವಿಭಾಗದ ಮೇಷ್ಟ್ರು ಒಬ್ಬರು, ಹೊರಗಿನವರು ಒಬ್ಬರು ಇರುತ್ತಾರೆ. ದೇಣಿಗೆ ಕೊಟ್ಟವರ ಮಕ್ಕಳಿಗೆ, ಟ್ರಸ್ಟಿಗಳ ಮಕ್ಕಳಿಗೆ ಕೊಡುವುದಿಲ್ಲ. ಪಡೆದ ಮಕ್ಕಳ ಫೋಟೋ ಹಾಕುವುದಿಲ್ಲ, ವೇದಿಕೆಗೆ ಕರೆದು ಚೆಕ್ ಕೊಡುವುದಿಲ್ಲ. ಬಹುಮಾನ ಪಡೆದವರನ್ನು ಮಾತ್ರ ಎಲ್ಲರ ಮುಂದೆ ಕರೆದು ಚಪ್ಪಾಳೆ ತಟ್ಟುತ್ತೇವೆ. ವರ್ಷದ ಕೊನೆಗೆ ಆಡಿಟ್ ಆದ ಲೆಕ್ಕ ಪ್ರತಿಯೊಬ್ಬ ದಾನಿಗೂ ಬರುತ್ತದೆ.

ನಿಮ್ಮ ತಂದೆ ತಾಯಿಯ ಹೆಸರಿನಲ್ಲೋ, ನಿಮಗೆ ಕಲಿಸಿದ ಮೇಷ್ಟ್ರ ಹೆಸರಿನಲ್ಲೋ ದತ್ತಿ ಇಡಬಹುದು. ಹೆಸರೇ ಬೇಡ ಅಂದರೆ ಹಾಗೂ ಆಗಬಹುದು. ಒಂದೇ ಸಲ ಕೊಡಬೇಕೆಂದಿಲ್ಲ, ತಿಂಗಳಿಗೆ ಇಷ್ಟು ಅಂತ ಕೊಡುವವರೂ ಇದ್ದಾರೆ. ನೀವು ಫಾರ್ಮಾ, ಬಣ್ಣ, ರಸಗೊಬ್ಬರ, ನೀರಿನ ಪರೀಕ್ಷೆ ಇಂಥ ಯಾವುದೇ ಕಡೆ ಕೆಲಸ ಮಾಡುವ ಕೆಮಿಸ್ಟ್ ಆಗಿದ್ದರೆ, ದುಡ್ಡಿನ ಜೊತೆ ಒಂದು ದಿನ ಬಂದು ನೋಟ್‌ಬುಕ್‌ಗಳನ್ನು ನೋಡಿಕೊಡಿ, ನಮಗೆ ಅದೂ ಬೇಕು. ಒಂದು ಕೋರಿಕೆ: ಹಳೆಯ ಕೆಮಿಕಲ್ ಬಾಟಲಿಗಳನ್ನು ಒಳ್ಳೆಯ ಮನಸ್ಸಿನಿಂದಲೇ ಕಳಿಸುತ್ತೀರಿ, ಆದರೆ ಕಳಿಸಬೇಡಿ. ತೆರೆದಿಟ್ಟ ಹಳೇ ಈಥರಿನಲ್ಲಿ ಪೆರಾಕ್ಸೈಡ್ ಕಟ್ಟಿಕೊಂಡು ಸಿಡಿಯುವ ಅಪಾಯ ಇರುತ್ತದೆ, ಅಂಥದ್ದನ್ನು ವಿಲೇವಾರಿ ಮಾಡುವ ಖರ್ಚು ಮಕ್ಕಳ ಹಣದಿಂದಲೇ ಹೋಗುತ್ತದೆ.

ದೇಣಿಗೆಯನ್ನು ಟ್ರಸ್ಟಿನ ಖಾತೆಗೆ ಮಾತ್ರ ಹಾಕಿ. ಯಾರ ಸ್ವಂತ ಫೋನ್ ನಂಬರಿಗೂ ಕಳಿಸಬೇಡಿ, ನನ್ನ ಹೆಸರು ಹೇಳಿಕೊಂಡು ಕೇಳಿದರೂ ಕಳಿಸಬೇಡಿ. ಟ್ರಸ್ಟಿನ ಕಚೇರಿಗೆ ಒಂದು ಸಾಲು ಬರೆದರೆ ಖಾತೆಯ ವಿವರ ಕಳಿಸುತ್ತೇವೆ, ಹಣ ಬಂದ ಮೇಲೆ ರಸೀದಿ ಬರುತ್ತದೆ. ಸ್ಕಾಲರ್‌ಶಿಪ್, ಗಾಜಿನ ನಿಧಿ, ಪ್ರಾಜೆಕ್ಟ್, ಬಹುಮಾನ, ಈ ನಾಲ್ಕರಲ್ಲಿ ಯಾವುದಕ್ಕೆ ಅಂತ ಆ ಸಾಲಿನಲ್ಲೇ ತಿಳಿಸಿ. ಈ ಸಲದ ಅರ್ಜಿಗಳು ಆಗಲೇ ನನ್ನ ಮೇಜಿನ ಮೇಲಿವೆ. ಮುಂದಿನ ಸೆಮಿಸ್ಟರಿನ ಪ್ರಾಕ್ಟಿಕಲ್ ಶುರುವಾಗುವ ಮೊದಲೇ ಪಟ್ಟಿ ಮಾಡಿ ಮಕ್ಕಳಿಗೆ ತಿಳಿಸಬೇಕು, ಸಂಜೆ ಕೆಲಸ ಬಿಡಬಹುದೋ ಬೇಡವೋ ಅಂತ ಅವರು ಕಾಯುತ್ತಿದ್ದಾರೆ.