ಪಿಜಿಗೆ ಎಷ್ಟಾಗ್ತದ್ರಿ, ಅಕ್ಕಾ?

ಪ್ರೀತಿಯ ಗೆಳೆಯಾ,

ನೀನು ವಾಟ್ಸಾಪಿನಲ್ಲಿ ಕೇಳಿದ್ದಕ್ಕೆ ಇಲ್ಲಿ ಎಲ್ಲರೆದುರು ಉತ್ತರ ಬರೆಯುತ್ತಿದ್ದೇನೆ. ಬೈಯಬೇಡ. ಅರಸೀಕೆರೆ ಪ್ಲಾಟ್‌ಫಾರಂ ವಿಷಯ ತೆಗೆಯುವುದಿಲ್ಲ, ಆಣೆ.

ನಿನ್ನ ತಂಗಿಗೆ ಸ್ತ್ರೀವಾದಿ ಪತ್ರಿಕೆಯಲ್ಲೋ ಎನ್‌ಜಿಓದಲ್ಲೋ ಕೆಲಸ ಬೇಕು, ಎಲ್ಲಿ ಹುಡುಕಬೇಕು ಅಂದೆ. 'ಫೆಮಿನಿಸಂ ಇನ್ ಇಂಡಿಯಾ' ಅನ್ನೋ ವೆಬ್ ಪತ್ರಿಕೆ ಇದೆ, ಇಂಗ್ಲಿಷ್ ಹಿಂದಿ ಎರಡರಲ್ಲೂ. ಅಂಥದ್ದೇ 'ಬೆಹನ್‌ಬಾಕ್ಸ್' ಇದೆ. ಕನ್ನಡದಲ್ಲಿ ಸಂಬಳ ಕೊಟ್ಟು ಇಟ್ಟುಕೊಳ್ಳುವಂಥದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನಂಜನಗೂಡಿನ ತಿರುಮಲಾಂಬ ನೂರು ವರ್ಷದ ಹಿಂದೆಯೇ ಹೆಂಗಸರಿಗೆ ಪತ್ರಿಕೆ ನಡೆಸಿದ ನಾಡು ಮಾರಾಯ ಇದು!

ಎನ್‌ಜಿಓ ಕೆಲಸ ಅಂದರೆ ಪ್ರಾಜೆಕ್ಟ್ ಇರುವಷ್ಟು ದಿನ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆ ತಿದ್ದಿದರಲ್ಲ, ಹೊರಗಿಂದ ಬಂದ ಹಣದಲ್ಲಿ ಕಚೇರಿ ಸಂಬಳದಂಥ ಆಡಳಿತದ ಖರ್ಚಿನ ಮಿತಿ ನೂರಕ್ಕೆ 50ರಿಂದ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆ ಆ ಹಣವನ್ನು ಸಣ್ಣ ಸಂಸ್ಥೆಗೆ ಹಂಚುವ ಹಾಗೂ ಇಲ್ಲ. ನಮ್ಮ ಎನ್‌ಜಿಓದಲ್ಲಿ ಸಂಬಳದವರು ಕೂರುತ್ತಿದ್ದ ಎರಡು ಕುರ್ಚಿಯಲ್ಲಿ ಈಗ ಇಂಟರ್ನ್‌ಗಳು ಕೂರುತ್ತಾರೆ.

ಈ ಸಲದ ಜಾಹೀರಾತು ಬರೆದವಳು ನಾನೇ. ಮೂರು ತಿಂಗಳು, ಬೆಂಗಳೂರಿನಲ್ಲೇ ಇರಬೇಕು, ಸ್ಟೈಪೆಂಡ್ ಇಲ್ಲ, ಸರ್ಟಿಫಿಕೇಟ್ ಇದೆ. ಅದನ್ನು ಟೈಪ್ ಮಾಡುವಾಗ ಹಿಂದಿನ ಗೋಡೆಯ ಮೇಲೆ ನಮ್ಮದೇ ಪೋಸ್ಟರ್ ಇತ್ತು, 'ಮನೆಗೆಲಸಕ್ಕೂ ಬೆಲೆ ಕಟ್ಟಿ' ಅಂತ.

ರಾಯಚೂರು ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದಳು. ಹತ್ತಿ ಬಿಡಿಸುವ ಹೆಂಗಸರ ಕೂಲಿ ಬಗ್ಗೆ ಒಂದು ಬರಹ ಕಳಿಸಿದ್ದಳು. ನಾನು ಹತ್ತು ವರ್ಷದಲ್ಲಿ ಅಂಥದ್ದೊಂದು ಬರೆದಿಲ್ಲ. "ಅಕ್ಕಾ, ಅಲ್ಲಿ ಪಿಜಿಗೆ ತಿಂಗಳಿಗೆ ಎಷ್ಟಾಗ್ತದ್ರಿ?" ಅಂದಳು. ಹೇಳಿದೆ. ಆ ಕಡೆ ಸದ್ದಿಲ್ಲ. ಆಗ ನನ್ನ ಬಾಯಿಂದ ಏನು ಬಂತು ಗೊತ್ತಾ? "ಅಪ್ಪನ್ನ ಕೇಳಿ ನೋಡಮ್ಮ."

ಹೆಣ್ಣುಮಕ್ಕಳು ಎಲ್ಲದಕ್ಕೂ ಅಪ್ಪನ್ನ ಕೇಳುವುದು ತಪ್ಪಲಿ ಅಂತ ತಾನೇ ನಾವು ಅಂಗಡಿ ತೆರೆದದ್ದು?

ಅವಳು ಮತ್ತೆ ಫೋನ್ ಮಾಡಲಿಲ್ಲ. ಜಯನಗರದ ಹುಡುಗಿ ಬಂದಳು, ಮನೆಯಿಂದ ಮೆಟ್ರೋದಲ್ಲಿ. ಒಳ್ಳೆಯವಳು, ಅವಳದ್ದೇನೂ ತಪ್ಪಿಲ್ಲ. 2002ರಲ್ಲಿ ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 'ಖಬರ್ ಲಹರಿಯಾ' ಪತ್ರಿಕೆ ಶುರುವಾದಾಗ ಹಳ್ಳಿಯ ಹೆಂಗಸರೇ, ಅದರಲ್ಲೂ ದಲಿತ ಹೆಂಗಸರು, ವರದಿಗಾರರಾದರು ಅಂತ ಕಾಲೇಜುಗಳಲ್ಲಿ ಭಾಷಣ ಮಾಡುವವಳೂ ನಾನೇ. ಕಷ್ಟಪಟ್ಟು ಮೇಲೆ ಬಂದೆ ಅಂತಲೂ ಸೇರಿಸುತ್ತೇನೆ. ಒಂದೂವರೆ ವರ್ಷ ಚಿಕ್ಕಪ್ಪನ ಮನೆಯಲ್ಲಿ ಬಿಟ್ಟಿ ಇದ್ದದ್ದು, ಚಿಕ್ಕಮ್ಮ ಬೆಳಗ್ಗೆ ಆರಕ್ಕೇ ಎದ್ದು ಡಬ್ಬಿ ಕಟ್ಟಿದ್ದು ಆ ಭಾಷಣದಲ್ಲಿ ಬರುವುದೇ ಇಲ್ಲ.

ಇರಲಿ. ಇಷ್ಟೆಲ್ಲ ಬರೆಯಬೇಕು ಅಂತಿರಲಿಲ್ಲ. ತಂಗಿಗೆ ಹೇಳು, ದುಡ್ಡೆಷ್ಟು ಅಂತ ಮೊದಲ ಫೋನಿನಲ್ಲೇ ಕೇಳಲಿ. ಟ್ಯಾಲಿ ಕಲಿತರೆ ಇನ್ನೂ ಒಳ್ಳೆಯದು. ಎನ್‌ಜಿಓದಲ್ಲಿ ಎಲ್ಲರೂ ಹೆದರುವುದು ಅಕೌಂಟೆಂಟಿಗೆ ಮಾತ್ರ. ನಮ್ಮ ಮೇಡಂ ಇದನ್ನು ಓದಿದರೆ ನಾನೂ ಕೆಲಸ ಹುಡುಕಬೇಕಾಗುತ್ತೆ. ಆಗ ನಿನ್ನ ಅಡಿಕೆ ಮಂಡಿಯಲ್ಲಿ ಇಂಟರ್ನ್ ಮಾಡಿಕೋ. ಸರ್ಟಿಫಿಕೇಟ್ ಬೇಡ, ಸ್ಟೈಪೆಂಡ್ ಕೊಡು.

ಇಂತಿ,
ಪ್ಲಾಟ್‌ಫಾರಂ ನಂಬರ್ ಎರಡು