ಮೆನುವಿನಲ್ಲಿ ಕೊಡಗು, ಬಿಲ್ಲಿನಲ್ಲಿ ಬೇರೆ ಊರು

ಸಂಪಾದಕರಿಗೆ,

ಮಾನ್ಯರೇ,

ಕೊಡಗಿನ ದೊಡ್ಡ ರೆಸಾರ್ಟ್‌ಗಳ ಮೆನು ತೆರೆದರೆ ಜೇನು, ಕಾಚಂಪುಳಿ, ಕಾಳುಮೆಣಸು, ಕಣಿಲೆ ಎಲ್ಲವೂ ಈ ಮಣ್ಣಿನವೇ. ಅದೇ ಸಂಸ್ಥೆಗಳ ಖರೀದಿ ಬಿಲ್ಲುಗಳಲ್ಲಿ ಮಾತ್ರ ಹೆಚ್ಚಿನ ಕಡೆ ಮೈಸೂರು, ಬೆಂಗಳೂರಿನ ಒಬ್ಬಿಬ್ಬರು ಸಗಟು ವ್ಯಾಪಾರಿಗಳ ವಿಳಾಸ. ತೋಟದ ಕಂಪನಿಗಳ ನರ್ಸರಿ ಚೀಲ, ಕಾರ್ಮಿಕರ ಮಳೆಕೋಟು, ಕ್ಯಾಂಟೀನ್ ದಿನಸಿಯದೂ ಇದೇ ಕಥೆ. ಸಣ್ಣವರು, ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು ನಡೆಸುವ ಘಟಕಗಳಿಂದಲೂ ಕೊಳ್ಳಬೇಕೆಂಬ ಮಾತು ಕಾರ್ಪೊರೇಟ್ ವಲಯದಲ್ಲಿ ಹಳೆಯದು. ಅಮೆರಿಕದಲ್ಲಿ ಅಲ್ಪಸಂಖ್ಯಾತರ ಉದ್ದಿಮೆಗಳಿಗೆಂದೇ ಸರ್ಕಾರಿ ಕಚೇರಿ ತೆರೆದದ್ದು 1969ರಲ್ಲಿ. ನಮ್ಮಲ್ಲಿ ಮನಸ್ಸಿಲ್ಲವೆಂದೇನೂ ಅಲ್ಲ. ತೊಡಕಿರುವುದು ಖರೀದಿ ವಿಭಾಗದ ಅರ್ಜಿ ನಮೂನೆಯಲ್ಲಿ ಮತ್ತು ಹಣ ಕೊಡುವ ಗಡುವಿನಲ್ಲಿ.

ಅರ್ಜಿಯನ್ನೇ ನೋಡಿ. ಮೂರು ವರ್ಷದ ಆಡಿಟ್ ಆದ ಲೆಕ್ಕಪತ್ರ, ಐಎಸ್‌ಒ ಪ್ರಮಾಣಪತ್ರ, ಜಿಎಸ್‌ಟಿ ಸಂಖ್ಯೆ ಎಲ್ಲವೂ ಕಡ್ಡಾಯ. ಶನಿವಾರಸಂತೆ ಕಡೆಯ ತರಕಾರಿ ಬೆಳೆಗಾರನಿಗೆ ಜಿಎಸ್‌ಟಿ ಸಂಖ್ಯೆ ಏಕೆ? ತಾಜಾ ತರಕಾರಿಗೆ ತೆರಿಗೆಯೇ ಇಲ್ಲ, ತಾನು ಬೆಳೆದದ್ದನ್ನು ಮಾರುವ ರೈತನಿಗೆ ನೋಂದಣಿಯೂ ಬೇಕಿಲ್ಲ. ಉಪ್ಪಿನಕಾಯಿ, ಸಾಂಬಾರ ಪುಡಿ ಮಾಡುವವರು ಕಾಂಪೊಸಿಷನ್ ಪದ್ಧತಿಯಲ್ಲಿದ್ದರೆ (ಸಣ್ಣವರು ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಸರಳ ಜಿಎಸ್‌ಟಿ ಪದ್ಧತಿ) ‘ನಮಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ’ ಎಂದು ತಿರಸ್ಕರಿಸುತ್ತಾರೆ. ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದೇ ಈ ಕ್ರೆಡಿಟ್. ಕೊಠಡಿ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟದ ಹೋಟೆಲಿನ ರೆಸ್ಟೋರೆಂಟ್ ಶೇ 5 ಜಿಎಸ್‌ಟಿ ಹಾಕುವುದೇ ಇನ್‌ಪುಟ್ ಕ್ರೆಡಿಟ್ ಇಲ್ಲದ ಲೆಕ್ಕದಲ್ಲಿ. ಹೇಗೂ ಸಿಗದ ಕ್ರೆಡಿಟ್‌ಗಾಗಿ ಸಣ್ಣವರನ್ನು ಹೊರಗಿಡುವುದು ಮುಖ್ಯ ಕಚೇರಿಯ ನಮೂನೆಯನ್ನು ಓದದೆ ನಕಲು ಮಾಡಿದ್ದರ ಫಲ. ವರ್ಷಕ್ಕೆ ಐದು ಲಕ್ಷದೊಳಗಿನ ಖರೀದಿಗೆ ಒಂದೇ ಪುಟದ ಅರ್ಜಿ ಸಾಕು: ಪ್ಯಾನ್, ಬ್ಯಾಂಕ್ ಖಾತೆ, ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಸಂಖ್ಯೆ, ಇದ್ದರೆ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ).

ಎರಡನೆಯ ತೊಡಕು ಗಂಟುಕಟ್ಟಿ ಟೆಂಡರ್ ಕರೆಯುವುದು. ಅರವತ್ತು ಬಾಬಿನ ಪಟ್ಟಿ ಕೊಟ್ಟು ‘ಎಲ್ಲಕ್ಕೂ ದರ ಕೊಡಿ, ಇಲ್ಲವೇ ಬೇಡ’ ಎಂದರೆ ಐದೇ ಪದಾರ್ಥ ಮಾಡುವ ಸ್ವಸಹಾಯ ಸಂಘ ಬಾಗಿಲಲ್ಲೇ ನಿಲ್ಲುತ್ತದೆ. ಬಾಬುವಾರು ದರ ತೆಗೆದುಕೊಳ್ಳಬೇಕು. ಕೇಂದ್ರ ಸರ್ಕಾರದ 2012ರ ಖರೀದಿ ನೀತಿಯಲ್ಲಿ ಇದಕ್ಕೊಂದು ದಾರಿ ಇದೆ: ಅತಿ ಕಡಿಮೆ ದರಕ್ಕಿಂತ ಶೇ 15ರಷ್ಟು ಹೆಚ್ಚಿನ ಮಿತಿಯೊಳಗೆ ದರ ಕೊಟ್ಟ ಸಣ್ಣ ಘಟಕಕ್ಕೆ, ಆ ಕಡಿಮೆ ದರಕ್ಕೆ ಇಳಿಯಲು ಒಪ್ಪಿದರೆ, ಒಂದು ಪಾಲು ಕೊಡುವುದು. ಅಲ್ಲಿ ಸಣ್ಣ ಘಟಕಗಳಿಂದ ಕೊಳ್ಳಬೇಕಾದ ಒಟ್ಟು ಗುರಿ ಶೇ 25. ಅದರೊಳಗೆ ಪರಿಶಿಷ್ಟರ ಘಟಕಗಳಿಗೆ ಶೇ 4, ಮಹಿಳೆಯರ ಘಟಕಗಳಿಗೆ ಶೇ 3. ಖಾಸಗಿ ಕಂಪನಿಗಳಿಗೆ ಇದು ಅನ್ವಯಿಸದು. ಕ್ರಮವನ್ನು ನಕಲು ಮಾಡಲು ಯಾರ ಅಡ್ಡಿಯೂ ಇಲ್ಲ. ಮೊದಲ ಮೂರು ತಿಂಗಳು ಬೇಡಿಕೆಯ ಹತ್ತನೇ ಒಂದು ಪಾಲು ಕೊಟ್ಟು ನೋಡಿ, ಆಮೇಲೆ ಏರಿಸಬಹುದು. ಹಳೆಯ ಪೂರೈಕೆದಾರನನ್ನು ಒಂದೇ ಏಟಿಗೆ ಬಿಡುವುದು ಬೇಡ. ಮಳೆ ಜೋರಾಗುವ ಜುಲೈ ತಿಂಗಳಲ್ಲಿ ಅವನೂ ಬೇಕಾಗುತ್ತಾನೆ.

ನಿಜವಾದ ಪೆಟ್ಟು ಬೀಳುವುದು ಹಣದ ಗಡುವಿನಲ್ಲಿ. ವಾರಕ್ಕೆ 40,000 ರೂಪಾಯಿಯ ಸಾಂಬಾರ ಪುಡಿ, ಹಪ್ಪಳ ಕೊಡುವ ಸಂಘಕ್ಕೆ 60 ದಿನದ ಸಾಲ ಎಂದರೆ ಸುಮಾರು 3.4 ಲಕ್ಷ ರೂಪಾಯಿ ಸದಾ ಹೊರಗೇ ಇರುತ್ತದೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಲ್ಲಿ ಅದು ತಿಂಗಳಿಗೆ 6,800. ತಿಂಗಳ ವ್ಯಾಪಾರ 1.7 ಲಕ್ಷ. ನೂರಕ್ಕೆ ಹತ್ತು ರೂಪಾಯಿ ಉಳಿಯುವ ಕಸುಬಿನಲ್ಲಿ ನಾಲ್ಕು ರೂಪಾಯಿ ಬಡ್ಡಿಗೇ ಹೋಯಿತು. ‘ಸ್ಥಳೀಯರ ದರ ಜಾಸ್ತಿ’ ಎಂದು ದೂರುವವರು ಈ ನಾಲ್ಕು ರೂಪಾಯಿ ಎಲ್ಲಿಂದ ಬಂತೆಂದು ಯೋಚಿಸಬೇಕು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2006ರ ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆಯಂತೆ ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ಒಪ್ಪಂದದಲ್ಲಿ 90 ದಿನ ಎಂದು ಬರೆದು ಸಹಿ ಹಾಕಿಸಿಕೊಂಡರೂ 45ಕ್ಕೇ ನಿಲ್ಲುತ್ತದೆ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಬ್ಯಾಂಕ್ ದರ ಶೇ 6 ಅಂದುಕೊಂಡರೆ ಬಡ್ಡಿ ಶೇ 18. ಇದರ ಮೇಲೆ, 2023ರ ಹಣಕಾಸು ಕಾಯ್ದೆ ತಂದ ಬದಲಾವಣೆಯಿಂದ, ಗಡುವು ಮೀರಿದ ಬಾಕಿಯನ್ನು ಕೊಳ್ಳುವವರು ಹಣ ಕೊಟ್ಟ ವರ್ಷದಲ್ಲಷ್ಟೇ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಬಹುದು. ಹಣ ಬೇಗ ಕೊಡುವ ಬದಲು ‘ನಿಮ್ಮ ಉದ್ಯಮ್ ನೋಂದಣಿ ರದ್ದು ಮಾಡಿಸಿ, ಆಮೇಲೆ ಆರ್ಡರ್’ ಎನ್ನುವ ಜಾಣರೂ ಇದ್ದಾರೆ. ಇದಕ್ಕೆ ಮಣಿಯಬಾರದು.

ಮಾರುವವರು ಎಡವುವ ಜಾಗವೂ ಇಲ್ಲೇ. ಉದ್ಯಮ್ ನೋಂದಣಿ ಉಚಿತ, ಅದು ಮೊದಲ ಸರಕು ಕಳಿಸುವುದಕ್ಕೆ ಮುಂಚೆಯೇ ಆಗಿರಬೇಕು. ಬಾಕಿ ನಿಂತ ಮೇಲೆ ಮಾಡಿಸಿದರೆ ಹಳೆಯ ಬಿಲ್ಲಿಗೆ ತಕರಾರು ಏಳುತ್ತದೆ. ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೆ ಮುದ್ರಿಸಿ. ಕೊಂಡು ಮಾರುವ ವ್ಯಾಪಾರಿಗೆ ನೋಂದಣಿ ಸಿಕ್ಕರೂ 45 ದಿನದ ರಕ್ಷಣೆ ಇಲ್ಲ, ತಯಾರಿಕೆ ಅಥವಾ ಸೇವೆಯ ಘಟಕಕ್ಕೆ ಮಾತ್ರ. ಸರಕು ತಲುಪಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಬಾರದಿದ್ದರೆ ತಲುಪಿದ ದಿನವೇ ಸ್ವೀಕರಿಸಿದ ದಿನ. ಆದ್ದರಿಂದ ಚಲನ್ ಮೇಲೆ ದಿನಾಂಕ, ಸಹಿ, ಸೀಲು ಇಲ್ಲದೆ ಗೇಟಿನಿಂದ ವಾಪಸಾಗಬೇಡಿ.

ಗುಣಮಟ್ಟದ ದೂರುಗಳಲ್ಲಿ ಸತ್ಯವಿಲ್ಲದಿಲ್ಲ. ಜೇನನ್ನೇ ತೆಗೆದುಕೊಳ್ಳಿ. ಆಹಾರ ಸುರಕ್ಷತಾ ಮಾನದಂಡದ ಪ್ರಕಾರ ತೇವಾಂಶ ಶೇ 20 ಮೀರಬಾರದು. ನಮ್ಮ ತುಡುವೆ ಜೇನು ಮಳೆ ಹತ್ತಿರವಾದಂತೆ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ, ಡಬ್ಬದಲ್ಲಿ ಹುಳಿ ಬರುತ್ತದೆ, ಮುಚ್ಚಳ ಉಬ್ಬುತ್ತದೆ. ತೇವ ಇಳಿಸಲೆಂದು ನೇರ ಬೆಂಕಿಯ ಮೇಲೆ ಕಾಯಿಸಿದರೆ ಎಚ್‌ಎಂಎಫ್ (ಜೇನಿನ ಸಕ್ಕರೆ ಕಾದಾಗ ಹುಟ್ಟುವ ರಾಸಾಯನಿಕ) ಏರುತ್ತದೆ. ಅದರ ಮಿತಿ ಕಿಲೋಗೆ 80 ಮಿಲಿಗ್ರಾಂ. ಅಲ್ಲೂ ತಿರಸ್ಕಾರ. ಎರಿಯ ಮುಕ್ಕಾಲು ಪಾಲು ಕೋಶಗಳಿಗೆ ಮೇಣದ ಮುಚ್ಚಳ ಬಿದ್ದ ಮೇಲೆ ತೆಗೆಯುವುದು, ತೇವಾಂಶ ಅಳೆಯುವ, ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರಿನಲ್ಲಿ ಪ್ರತಿ ಡಬ್ಬ ನೋಡುವುದು, ಡಬ್ಬದ ಮೇಲೆ ಬ್ಯಾಚ್ ಸಂಖ್ಯೆ ಬರೆಯುವುದು: ಈ ಮೂರರಿಂದಲೇ ಬಹುಪಾಲು ಜಗಳ ತಪ್ಪುತ್ತದೆ. ಹಳೆಯ ಮದ್ಯದ ಬಾಟಲಿಯಲ್ಲಿ ತುಂಬಿ ‘ಶುದ್ಧ ಕಾಡುಜೇನು’ ಎಂದರೆ ಯಾವ ಖರೀದಿ ಅಧಿಕಾರಿಯೂ ಸಹಿ ಹಾಕಲಾರ.

ಮೆಣಸಿನದು ಬೇರೆ ಬಗೆಯ ಜಗಳ. ಮಾರ್ಚಿನಲ್ಲಿ ಶೇ 11ರ ತೇವಾಂಶಕ್ಕೆ ಒಣಗಿಸಿ ಕೊಟ್ಟ ಮೆಣಸು, ಒಳಪದರವಿಲ್ಲದ ಗೋಣಿಯಲ್ಲಿ, ರೆಸಾರ್ಟಿನ ತೇವದ ಉಗ್ರಾಣದಲ್ಲಿ ಜುಲೈವರೆಗೆ ಕೂತರೆ ಬೂಷ್ಟು ಹಿಡಿಯುತ್ತದೆ. ದೂರು ಮಾತ್ರ ಬೆಳೆಗಾರನ ಮೇಲೆ. ಇಳಿಸುವಾಗಲೇ ಮೂರು ಮಾದರಿ ತೆಗೆದು ಮೊಹರು ಮಾಡಿ: ಒಂದು ಕೊಂಡವರಿಗೆ, ಒಂದು ಮಾರಿದವರಿಗೆ, ಮೂರನೆಯದು ತಕರಾರು ಬಂದರೆ ಪ್ರಯೋಗಾಲಯಕ್ಕೆ. ಬೆಲೆ ಏರಿದ ಕೂಡಲೇ ಒಪ್ಪಂದ ಮರೆತು ಹೊರಗಿನ ವ್ಯಾಪಾರಿಗೆ ಸುರಿಯುವ ಚಾಳಿ ನಮ್ಮವರಲ್ಲೂ ಇದೆ. ವರ್ಷಕ್ಕೊಂದೇ ದರ ಕಟ್ಟುವ ಬದಲು ಗೋಣಿಕೊಪ್ಪಲು ಮಾರುಕಟ್ಟೆಯ ಆಯಾ ವಾರದ ದರಕ್ಕೆ ಕಿಲೋಗೆ ಇಂತಿಷ್ಟು ಸೇರಿಸಿ ಎಂದು ಬರೆದುಕೊಂಡರೆ ಇಬ್ಬರಿಗೂ ನೆಮ್ಮದಿ.

ದಂಡದ ಷರತ್ತು ಬಯಲುಸೀಮೆಯಿಂದ ಬಂದದ್ದು: ತಡವಾದರೆ ವಾರಕ್ಕೆ ಶೇ 0.5. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಜರಿದು ರಸ್ತೆ ಮುಚ್ಚಿದ, ಭಾರಿ ವಾಹನ ನಿಷೇಧಿಸಿದ ದಿನಗಳನ್ನು ಜಿಲ್ಲಾಡಳಿತದ ಆದೇಶದ ಪ್ರತಿ ಇಟ್ಟುಕೊಂಡು ಲೆಕ್ಕದಿಂದ ಬಿಡಬೇಕು. ಕೆಡದ ಪದಾರ್ಥಗಳನ್ನು ಮೇ ತಿಂಗಳಲ್ಲೇ ಮೂರು ವಾರಕ್ಕಾಗುವಷ್ಟು ತರಿಸಿಟ್ಟುಕೊಂಡರೆ ದಂಡದ ಮಾತೇ ಬರದು.

ಇನ್ನು ಹೆಸರಿಗೆ ಮಾತ್ರ ಹೆಂಡತಿಯದೋ ಕೆಲಸದವನದೋ ಘಟಕ, ಚೆಕ್ಕಿಗೆ ಸಹಿ ಬೇರೆಯವರದು ಎಂಬ ವ್ಯವಹಾರ. ಪಾಲುದಾರಿಕೆಯಲ್ಲಿ ಶೇ 51 ಪಾಲು ಮಹಿಳೆಯರದಿರಬೇಕು ಎಂಬುದು ಕಾಗದದ ಪರೀಕ್ಷೆ. ಬ್ಯಾಂಕ್ ಖಾತೆ ನಡೆಸುವವರು ಯಾರು, ದರ ಮಾತಾಡಲು ಬರುವವರು ಯಾರು ಎಂದು ನೋಡಿದರೆ ಅರ್ಧ ಗಂಟೆಯಲ್ಲಿ ನಿಜ ತಿಳಿಯುತ್ತದೆ.

ಷೇರುಪೇಟೆಯ ಮೊದಲ 1,000 ಕಂಪನಿಗಳು 2022–23ರಿಂದ ಷೇರುಪೇಟೆ ನಿಯಂತ್ರಕ ಸೆಬಿಗೆ ಕೊಡುವ, ಸಾಮಾಜಿಕ ಹೊಣೆ ಮತ್ತು ಸುಸ್ಥಿರತೆಯ ಬಿಆರ್‌ಎಸ್‌ಆರ್ ವರದಿಯ ಎಂಟನೇ ತತ್ವದಡಿ, ಸಣ್ಣ ಉತ್ಪಾದಕರಿಂದ ನೇರ ಕೊಂಡದ್ದು ಶೇಕಡಾ ಎಷ್ಟು ಎಂದು ಬರೆಯಲೇಬೇಕು. ‘ಇದೇ ಜಿಲ್ಲೆ ಮತ್ತು ಪಕ್ಕದ ಜಿಲ್ಲೆಗಳಿಂದ ಎಷ್ಟು’ ಎಂಬ ಪ್ರಶ್ನೆಯೂ ಮೊದಲು ಇತ್ತು. 2023ರಲ್ಲಿ ಅದು ‘ಭಾರತದೊಳಗಿನಿಂದ ಎಷ್ಟು’ ಎಂದಾಯಿತು. ಕೊಡಗಿನಂಥ ಜಿಲ್ಲೆಗೆ ಉಪಯುಕ್ತವಾಗಿದ್ದ ಸಾಲೇ ಅಳಿಸಿಹೋಯಿತು. ಜಿಲ್ಲೆಯಲ್ಲಿ ಎಸ್ಟೇಟು, ಹೋಟೆಲು ಇರುವ ಕಂಪನಿಗಳು ಆ ಅಂಕಿಯನ್ನು ತಾವಾಗಿಯೇ ಕೊಡಬಹುದು. ಏಪ್ರಿಲ್‌ನ ವಾರ್ಷಿಕ ದರ ಒಪ್ಪಂದಕ್ಕೆ ಮೊದಲು, ಜನವರಿಯಲ್ಲೇ, ಏನು ಬೇಕು, ವಾರಕ್ಕೆ ಎಷ್ಟು, ಯಾವ ಗುಣಮಟ್ಟ, ಎಷ್ಟು ದಿನದಲ್ಲಿ ಹಣ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸಿ ಗ್ರಾಮ ಪಂಚಾಯಿತಿ, ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘ, ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳ ಫಲಕಕ್ಕೆ ಹಚ್ಚಲಿ.

— ಖರೀದಿ ಮತ್ತು ಲೆಕ್ಕಪತ್ರ ಕೆಲಸದಲ್ಲಿರುವ ಓದುಗರು, ಕುಶಾಲನಗರ